‘ಈಗ ಬಂದೆ’ ನಾಟಕ: ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯ ಹಾಸ್ಟೆಲಿನ ಮೂವರು ವಿದ್ಯಾರ್ಥಿಗಳು ಹಾಜರಾತಿ ಸರಿ ಮಾಡಲು ಕಾಲದಲ್ಲಿ ಹಿಂದೆ ಹೋಗಿ ಸಿಕ್ಕಿಹಾಕಿಕೊಳ್ಳುವ ನಗೆನಾಟಕ ‘ಈಗ ಬಂದೆ’. ಬರೆದ ಮೂವರಲ್ಲಿ ನಾನೊಬ್ಬ. ವಾರ್ಡನ್ ಪಾತ್ರವೂ ನನ್ನದೇ. ಪ್ರದರ್ಶನ ಮುಗಿದು ಕಾಫಿ ಕುಡಿಯುವಾಗ, ಫೋನಿನಲ್ಲಿ, ಕಾಗದದಲ್ಲಿ, ಒಮ್ಮೆ ಕುಶಾಲನಗರದ ಬಸ್ಸಿನಲ್ಲಿ ನಿಂತುಕೊಂಡೇ ಜನ ಕೇಳಿದ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಾಟಕ ನೋಡದವರು ಮೊದಲ ಭಾಗ ಓದಿ ನಿಲ್ಲಿಸುವುದು ಒಳ್ಳೆಯದು. ಆಮೇಲೆ ಕಥೆಯೆಲ್ಲ ಬಯಲು.

## ಇನ್ನೂ ನೋಡದವರಿಗೆ

ಕಥೆ ಏನು ಸ್ವಾಮಿ? ಎರಡು ಮಾತಲ್ಲಿ ಹೇಳಿ.

ಒಬ್ಬ ಹುಡುಗನಿಗೆ ಒಂದು ಕ್ಲಾಸಿನ ಹಾಜರಾತಿ ಕಮ್ಮಿ. 60 ಕ್ಲಾಸಿಗೆ 44 ಬಂದಿದ್ದಾನೆ, ಅಂದರೆ ಶೇಕಡ 73.3. ಬೇಕಾದದ್ದು 75. ಹಾಲ್ ಟಿಕೆಟ್ ಕೊಡುವುದಿಲ್ಲ ಅಂತಾರೆ. ಕಳೆದ ಸೋಮವಾರಕ್ಕೆ ವಾಪಸ್ ಹೋಗಿ ಒಂದು ‘ಎಸ್ ಸರ್’ ಹೇಳಿ ಬಂದರೆ ಸಾಕು ಅಂತ ಹೊರಡುತ್ತಾನೆ. ಜೊತೆಗೆ ಇಬ್ಬರು. ಅವನ ಹೆಸರು ಶಾರ್ಟೇಜ್, ಗೆಳೆಯನ ಹೆಸರು ಬ್ಯಾಕ್‌ಲಾಗ್, ಮೂರನೆಯವಳು ಟಾಪರ್. ಬೇರೆ ಹೆಸರು ನಾಟಕದಲ್ಲಿ ಯಾರೂ ಕರೆಯುವುದಿಲ್ಲ. ಕಾಲೇಜಿನಲ್ಲಿ ನಮ್ಮನ್ನೂ ಹಾಗೇ ಕರೆಯುತ್ತಿದ್ದರು.

ನನ್ನ ಅಡ್ಡಹೆಸರು ಯಾವುದು ಅಂತಲೂ ಕೇಳುತ್ತಾರೆ. ಹಾಲ್ ಟಿಕೆಟ್ಟಿಗಾಗಿ ಆಫೀಸಿನ ಕಿಟಕಿ ಮುಂದೆ ಮೂರು ದಿನ ನಿಂತವನು ನಾನು. ಉಳಿದದ್ದು ಊಹಿಸಿಕೊಳ್ಳಿ.

‘ಈಗ ಬಂದೆ’ ಅಂತ ಯಾಕೆ ಹೆಸರು? ಯಾರು ಬಂದದ್ದು?

ಯಾರೂ ಬಂದಿಲ್ಲ. ಅದೇ ತಮಾಷೆ.

ಬಚ್ಚಲಲ್ಲಿ ಮೈಗೆಲ್ಲ ಸೋಪು ಹಚ್ಚಿಕೊಂಡು ನಿಂತವನು ‘ಬಂದೆ ಬಂದೆ’ ಅಂತ ಕೂಗುತ್ತಾನೆ. ವ್ಯಾಕರಣದ ಮೇಷ್ಟ್ರನ್ನು ಕೇಳಿದರೆ ‘ಬಂದೆ’ ಭೂತಕಾಲ. ಅವನು ಬರುವುದೋ ಇನ್ನು ಅರ್ಧ ಗಂಟೆಗೆ. ಮನೆಯಿಂದ ಹೊರಡುವವನು ‘ಬರ್ತೀನಿ’ ಅನ್ನುತ್ತಾನೆ. ‘ಹೋಗ್ತೀನಿ’ ಅಂದರೆ ಅಜ್ಜಿ ಬೈಯುತ್ತಾಳೆ. ಹೋಗುವವನು ಬರುತ್ತಾನೆ, ಬಾರದವನು ಬಂದಿದ್ದಾನೆ. ಕನ್ನಡ ಆಡುವವರಿಗೆ ಕಾಲದ ಲೆಕ್ಕ ಮೊದಲಿಂದಲೂ ಸಡಿಲ.

ನಮ್ಮ ನಾಟಕದ ಕಾಲಯಂತ್ರ ಮಾತ್ರ ವ್ಯಾಕರಣದ ಮೇಷ್ಟ್ರ ಥರ. ಹೇಳಿದ್ದನ್ನು ಹೇಳಿದ ಹಾಗೇ ತೆಗೆದುಕೊಳ್ಳುತ್ತದೆ. ಶಾರ್ಟೇಜ್ ಹಿಡಿ ತಿರುಗಿಸುತ್ತಿರುವಾಗ ವಾರ್ಡನ್ ಬಾಗಿಲು ಬಡಿಯುತ್ತಾನೆ. ಗಾಬರಿಯಲ್ಲಿ ಹುಡುಗ ‘ಸಾರ್, ಈಗ ಬಂದೆ!’ ಅನ್ನುತ್ತಾನೆ. ಯಂತ್ರಕ್ಕೆ ಕೇಳಿಸಿದ್ದು ಭೂತಕಾಲ. ಕಳೆದ ಸೋಮವಾರಕ್ಕೆ ಹೋಗಬೇಕಾದವರು 1956ಕ್ಕೆ ಹೋಗಿ ಬೀಳುತ್ತಾರೆ.

ಟೈಮ್ ಮಷಿನ್ ಅಂದ್ರೆ ಏನೋ ದೊಡ್ಡದಿರತ್ತೆ ಅಂದ್ಕೊಂಡೆ. ಇದು ನಮ್ಮ ಪಲ್ಪರ್ ಅಲ್ವಾ?

ಹೌದು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರೇ. ಕೈಯಲ್ಲಿ ತಿರುಗಿಸುವ ಹಳೇ ಮಾದರಿ. ಯಾರೋ ತೋಟದವರು ವಸ್ತುಪ್ರದರ್ಶನಕ್ಕೆ ಅಂತ ಕಾಲೇಜಿಗೆ ಕೊಟ್ಟಿದ್ದು, ಆಮೇಲೆ ಯಾರೂ ವಾಪಸ್ ಒಯ್ಯಲಿಲ್ಲ. ಭೌತಶಾಸ್ತ್ರದ ಲ್ಯಾಬಿನ ಮೂಲೆಯಲ್ಲಿ ಬಿದ್ದಿದೆ. ಇದು ನಾಟಕದ ಕಥೆ. ನಿಜವಾದ ಕಥೆ ಇಷ್ಟೇ: ನಮ್ಮ ಹತ್ತಿರ ದುಡ್ಡಿರಲಿಲ್ಲ, ಪಲ್ಪರ್ ಇತ್ತು.

ಚಿಕ್ಕ ಮಕ್ಕಳನ್ನ ಕರ್ಕೊಂಡು ಬರಬಹುದಾ?

ಧಾರಾಳವಾಗಿ. ಉಚ್ಚೆಯ ಜೋಕು ಒಂದಿದೆ. ಅದಕ್ಕೆ ಮಕ್ಕಳಿಗಿಂತ ಅಜ್ಜಂದಿರೇ ಜಾಸ್ತಿ ನಗುತ್ತಾರೆ.

## ನೋಡಿ ಬಂದವರಿಗೆ

ಉಚ್ಚೆ ಕೆಂಪಾಗೋ ಸೀನಿಗೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾವು ಬೆಂಗಳೂರಿನವರು, ಅರ್ಥ ಆಗ್ಲಿಲ್ಲ.

ಕೊಡಗಿನಲ್ಲಿ ಕಕ್ಕಡ ತಿಂಗಳ 18ನೇ ದಿನ, ಅಂದರೆ ಆಗಸ್ಟ್ 3ರ ಸುಮಾರಿಗೆ, ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಆ ದಿನ ಆ ಸೊಪ್ಪಿನಲ್ಲಿ 18 ಬಗೆಯ ಔಷಧಿ ಸೇರಿರುತ್ತದೆ ಅನ್ನುವುದು ಇಲ್ಲಿನ ನಂಬಿಕೆ. ಸೊಪ್ಪು ಬೇಯಿಸಿದ ನೀರು ಕಡು ನೇರಳೆ ಬಣ್ಣ ಬಿಡುತ್ತದೆ. ಅದೇ ರಸದಲ್ಲಿ ಅಕ್ಕಿ ಬೇಯಿಸಿ ಬೆಲ್ಲ, ತೆಂಗಿನಕಾಯಿ ಹಾಕಿದರೆ ಪಾಯಸ. ತಿಂದವರಿಗೆ ಮಾರನೇ ದಿನ ಉಚ್ಚೆ ಕೆಂಪು. ಗೊತ್ತಿಲ್ಲದ ಹೊರಗಿನವರು ಹೆದರಿ ಡಾಕ್ಟರ ಹತ್ತಿರ ಓಡುವುದೂ ಉಂಟು.

ನಾಟಕದಲ್ಲಿ ಬ್ಯಾಕ್‌ಲಾಗ್ ಪ್ರಯೋಗಕ್ಕೆ ಅಂತ ಡಿಸೆಂಬರಿನಿಂದ ಆಗಸ್ಟ್ 3ಕ್ಕೆ ಹೋಗಿ ಬರುತ್ತಾನೆ. ಟಾಪರ್ ನಂಬುವುದಿಲ್ಲ. ‘ಸಾಕ್ಷಿ ಎಲ್ಲಿ?’ ಅನ್ನುತ್ತಾಳೆ. ‘ಬೆಳಿಗ್ಗೆ ತನಕ ಕಾಯಿ’ ಅನ್ನುತ್ತಾನೆ. ಬೇರೆ ಕಡೆ ಭವಿಷ್ಯದ ದಿನಪತ್ರಿಕೆ ತಂದು ಕಾಲಯಾನ ರುಜುವಾತು ಮಾಡುತ್ತಾರೆ. ನಮಗೆ ಇದು ಸಾಕು.

1956ಕ್ಕೇ ಯಾಕೆ ಹೋಗ್ತಾರೆ? ಸ್ವಾತಂತ್ರ್ಯ ಬಂದ ದಿನಕ್ಕೆ ಹೋಗಬಹುದಿತ್ತು.

1956ರ ಅಕ್ಟೋಬರ್ 31 ಕೊಡಗಿಗೆ ವಿಚಿತ್ರವಾದ ದಿನ. ಆ ರಾತ್ರಿಯ ತನಕ ಕೊಡಗು ಬೇರೆಯೇ ರಾಜ್ಯ. 24 ಶಾಸಕರ ಪುಟ್ಟ ವಿಧಾನಸಭೆ, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಬೆಳಗಾದರೆ ನವೆಂಬರ್ 1, ಕೊಡಗು ಮೈಸೂರು ರಾಜ್ಯದ ಒಂದು ಜಿಲ್ಲೆ. ನಮ್ಮ ಹುಡುಗರು ಒಂದು ರಾಜ್ಯದಲ್ಲಿ ಮಲಗಿ ಇನ್ನೊಂದು ರಾಜ್ಯದಲ್ಲಿ ಏಳುತ್ತಾರೆ. ಮಲಗಿದ ಜಾಗ ಬದಲಾಗಿಲ್ಲ, ಜಿಗಣೆಯೂ ಬದಲಾಗಿಲ್ಲ.

ಬ್ಯಾಕ್‌ಲಾಗ್ ಕಾಲೇಜಿನ ರಾಜ್ಯೋತ್ಸವದ ನೆನಪಲ್ಲಿ ಎದ್ದವನೇ ‘ಜೈ ಕರ್ನಾಟಕ!’ ಅನ್ನುತ್ತಾನೆ. ತೋಟದ ಮೇಸ್ತ್ರಿ ‘ಯಾವ ಊರಯ್ಯಾ ಅದು?’ ಅಂತ ಕೇಳುತ್ತಾನೆ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗಿದ್ದು 1973ರ ನವೆಂಬರ್ 1ಕ್ಕೆ, ಇನ್ನೂ 17 ವರ್ಷ ಇದೆ. ಕುತ್ತಿಗೆಯಲ್ಲಿರುವ ಹಳದಿ ಕೆಂಪು ಶಾಲನ್ನು ಮೇಸ್ತ್ರಿ ಅರಿಶಿನ ಕುಂಕುಮದ ಬಟ್ಟೆ ಅಂದುಕೊಂಡು ಕೈ ಮುಗಿಯುತ್ತಾನೆ. ಆ ಬಾವುಟವೇ ಆಗ ಹುಟ್ಟಿರಲಿಲ್ಲ.

ಸ್ವಾತಂತ್ರ್ಯದ ದಿನದ ಬಗ್ಗೆ ಎಲ್ಲರೂ ಬರೆಯುತ್ತಾರೆ. ಇದು ನಮ್ಮದೇ ದಿನ.

ಜೇಬಲ್ಲಿ ಐನೂರರ ನೋಟಿಟ್ಕೊಂಡು ಬಸ್ಸಿಗೆ ದುಡ್ಡಿಲ್ಲ ಅಂತ ಅಳೋದು ಸ್ವಲ್ಪ ಜಾಸ್ತಿ ಆಯ್ತು.

ಜಾಸ್ತಿ ಆಗಿಲ್ಲ. ಸ್ವತಂತ್ರ ಭಾರತದಲ್ಲಿ ಐನೂರು ರೂಪಾಯಿಯ ನೋಟು ಮೊದಲು ಬಂದದ್ದೇ 1987ರಲ್ಲಿ. 1956ರ ಕಂಡಕ್ಟರಿಗೆ ಅದು ಮದುವೆ ಕಾಗದ ಇದ್ದ ಹಾಗೆ. ಫೋನು ತೋರಿಸಿ ಸ್ಕ್ಯಾನ್ ಮಾಡುತ್ತೇನೆ ಅಂದರೆ ಕನ್ನಡಿ ಮಾರುವವನು ಅಂದುಕೊಳ್ಳುತ್ತಾನೆ.

ಇನ್ನೂ ಒಂದು ಕಷ್ಟ ಇದೆ. ರೂಪಾಯಿಗೆ ನೂರು ಪೈಸೆ ಅನ್ನುವ ಲೆಕ್ಕ ಶುರುವಾದದ್ದು 1957ರ ಏಪ್ರಿಲ್ 1ಕ್ಕೆ. ಅದಕ್ಕೂ ಮೊದಲು ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಒಟ್ಟು 192 ಪೈ. ಹುಡುಗರು ತೋಟದ ಕೂಲಿಯವರ ಲೈನ್ ಮನೆಯಲ್ಲಿ ಉಳಿದು, ಹಗಲು ಪಲ್ಪರ್ ತಿರುಗಿಸಿ ಮೂರು ವಾರ ಕೂಲಿ ಮಾಡುತ್ತಾರೆ. ವಾರದ ಬಟವಾಡೆಯ ದಿನ ತೋಟದ ಲೆಕ್ಕ ಬರೆಯುವ ರೈಟರ್ ಆಣೆ ಪೈ ಲೆಕ್ಕ ಹೇಳುತ್ತಾನೆ. ಕ್ಯಾಲ್ಕುಲಸ್‌ನಲ್ಲಿ ನೂರಕ್ಕೆ ನೂರು ತೆಗೆದ ಟಾಪರಿಗೆ ತನ್ನ ಕೂಲಿ ಎಷ್ಟು ಅಂತ ತಿಳಿಯುವುದಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಂಗಸೊಬ್ಬಳು ಬೆರಳು ಮಡಚಿ ಹೇಳಿಕೊಡುತ್ತಾಳೆ. ನಾಟಕದಲ್ಲಿ ನನಗೆ ತುಂಬಾ ಇಷ್ಟವಾದ ಸೀನ್ ಅದು. ಜನ ಅಷ್ಟು ನಗುವುದಿಲ್ಲ, ಪರವಾಗಿಲ್ಲ.

ತನ್ನ ಅಜ್ಜನನ್ನೇ ಕಂಡಾಗ ಏನೋ ದೊಡ್ಡದಾಗತ್ತೆ ಅಂತ ಕಾದೆವು. ಬರೀ ಎರಡಾಣೆ ಸಾಲ?

ಕಾಲಯಾನದ ಚರ್ಚೆಗಳಲ್ಲಿ ಮೊಮ್ಮಗ ಹಿಂದೆ ಹೋಗಿ ಅಜ್ಜನನ್ನೇ ಕೊಂದರೆ ಏನಾಗುತ್ತದೆ ಅನ್ನುವುದು ಹಳೇ ಒಗಟು. ಅಜ್ಜ ಸತ್ತರೆ ಮೊಮ್ಮಗ ಹುಟ್ಟುವುದಿಲ್ಲ. ಹುಟ್ಟದವನು ಹೋಗಿ ಕೊಲ್ಲುವುದು ಹೇಗೆ? ನಮಗೆ ಇದು ಮೊದಲಿಂದಲೂ ಅರ್ಥವಾಗದ ಮಾತು. ಕಾಲಯಂತ್ರ ಸಿಕ್ಕಿದ ಕೂಡಲೇ ಅಜ್ಜನನ್ನು ಕೊಲ್ಲಬೇಕು ಅಂತ ಯಾರಿಗೆ ಅನ್ನಿಸುತ್ತದೆ? ಅಜ್ಜನ ಹತ್ತಿರ ದುಡ್ಡು ಕೇಳಬೇಕು ಅನ್ನಿಸುತ್ತದೆ.

ಹಾಗಾಗಿ ಶಾರ್ಟೇಜ್ ಬಸ್ಸಿನ ಹತ್ತಿರ ಒಬ್ಬ ಹುಡುಗನಿಂದ ಎರಡಾಣೆ ಸಾಲ ಮಾಡುತ್ತಾನೆ. ಆ ಹುಡುಗನೇ ಅವನ ಅಜ್ಜ. ಮೊದಲ ದೃಶ್ಯದಲ್ಲಿ ಅಜ್ಜ ಹೇಳುವ ಮಾತು ನೆನಪು ಮಾಡಿಕೊಳ್ಳಿ: ‘ಚಿಕ್ಕವನಿದ್ದಾಗ ಒಬ್ಬ ಕುರುಚಲು ಗಡ್ಡದವನು ನನಗೆ ಎರಡಾಣೆ ಟೋಪಿ ಹಾಕಿದ. ಮುಖ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.’ ಹಾಗಂತ ಅವನು ಮೊಮ್ಮಗನನ್ನೇ ದುರುಗುಟ್ಟಿ ನೋಡುತ್ತಾನೆ. ಆಗ ಯಾರೂ ನಗುವುದಿಲ್ಲ. ಎರಡನೇ ಸಲ ನೋಡುವವರು ಅಲ್ಲೇ ನಗಲು ಶುರು ಮಾಡುತ್ತಾರೆ.

ಲಿಂಗರಾಜನ ಕಾಲಕ್ಕೆ ಹೋಗಿದ್ರೆ ಅರಮನೆ, ಆನೆ, ಎಲ್ಲ ತೋರಿಸಬಹುದಿತ್ತು.

ಪಲ್ಪರ್ ಮೇಲೆ 1931 ಅಂತ ಅಚ್ಚು ಹಾಕಿದ್ದೇವೆ, ಗಮನಿಸಿದಿರಾ? ನಮ್ಮ ನಿಯಮ ಏನೆಂದರೆ ಯಂತ್ರ ಹುಟ್ಟುವ ಮೊದಲಿನ ಕಾಲಕ್ಕೆ ಹೋಗಲಾಗದು. ಕೊಡಗಿನ ಹಾಲೇರಿ ಅರಸ ಲಿಂಗರಾಜೇಂದ್ರ ಆಳಿದ್ದು 1811ರಿಂದ 1820. ಆಗ ಈ ಪಲ್ಪರ್ ಎಲ್ಲಿತ್ತು?

ಹೋಗಿದ್ದರೂ ಭಾಷೆಯ ತೊಂದರೆ ಅಷ್ಟಾಗಿ ಬರುತ್ತಿರಲಿಲ್ಲ. ಹಾಲೇರಿ ಅರಸರ ಆಸ್ಥಾನದ ವ್ಯವಹಾರ ಕನ್ನಡದಲ್ಲೇ ಇತ್ತು. ಆದರೆ ದರ್ಬಾರಿನ ಉಡುಪಿಗೆ ಬಾಡಿಗೆ ಎಷ್ಟು ಗೊತ್ತಾ?

ನಂಗೊಂದು ಆ ಪಲ್ಪರ್ ಕೊಡಿಸಿ ಮಾರಾಯ್ರೆ. 1977ಕ್ಕೆ ಹೋಗಿ ಕಾಫಿ ಮಾರಿ ಬರ್ತೀನಿ.

ತೋಟದವರು ಯಾರೇ ಬಂದರೂ ಕೇಳುವುದು ಇದನ್ನೇ. 1975ರ ಜುಲೈಯಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಗಿಡ ಸುಟ್ಟುಹೋದವು. ಮುಂದಿನ ಎರಡು ವರ್ಷ ಜಗತ್ತಿನಲ್ಲಿ ಕಾಫಿ ಬೆಲೆ ಎಲ್ಲಿಗೋ ಹೋಯಿತು. ಅದೆಲ್ಲ ಸರಿ. ಆದರೆ ಆಗ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವ ಹಾಗಿರಲಿಲ್ಲ. ಬೆಳೆದದ್ದನ್ನು ಕಾಫಿ ಬೋರ್ಡಿನ ಪೂಲಿಗೆ ಕೊಡಬೇಕು, ಬೋರ್ಡು ಮಾರಿ ಕಂತಿನಲ್ಲಿ ದುಡ್ಡು ಕೊಡುತ್ತಿತ್ತು. ಆ ಪದ್ಧತಿ ಪೂರ್ತಿ ಹೋದದ್ದು 1990ರ ದಶಕದ ನಡುವೆ. ನೀವು 1977ಕ್ಕೆ ಮೂಟೆ ಹೊತ್ತುಕೊಂಡು ಹೋದರೂ ಕಂತಿಗೆ ಕಾಯುತ್ತಾ ಕೂರಬೇಕು. ಕಾಯುತ್ತಾ ಕಾಯುತ್ತಾ ಇವತ್ತಿಗೇ ಬಂದುಬಿಡುತ್ತೀರಿ, ಯಂತ್ರವೇ ಬೇಡ.

ಕರಿಮೆಣಸಿನ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಈ ವರ್ಷ ಮಾರಬೇಕಾ, ಇಟ್ಟುಕೊಳ್ಳಬೇಕಾ ಅಂತ ವಾರ್ಡನ್ ಪಾತ್ರಧಾರಿಗೆ ಗೊತ್ತಿದ್ದರೆ ಅವನು ವಾರ್ಡನ್ ಪಾತ್ರ ಮಾಡುತ್ತಿರಲಿಲ್ಲ.

2018ರ ಆಗಸ್ಟಿಗೆ ಯಾಕೆ ಹೋಗ್ಲಿಲ್ಲ? ಜನರಿಗೆ ಮೊದಲೇ ಹೇಳಬಹುದಿತ್ತಲ್ವಾ?

ಒಂದು ದೃಶ್ಯ ಬರೆದಿದ್ದೆವು. ಆ ಆಗಸ್ಟಿನ ಮಳೆಗೆ ಕೊಡಗಿನ ಗುಡ್ಡಗಳು ಜಾರುವ ಹಿಂದಿನ ದಿನ ಹುಡುಗರು ಮನೆ ಮನೆಗೆ ಹೋಗಿ ಹೇಳುತ್ತಾರೆ, ಯಾರೂ ನಂಬುವುದಿಲ್ಲ. ನಮ್ಮ ತಂಡದ ಒಬ್ಬಳ ಮನೆ ಗುಡ್ಡ ಜಾರಿದ ಮಕ್ಕಂದೂರು ಕಡೆ. ಓದಿದ ದಿನ ಅವಳು ಏನೂ ಹೇಳಲಿಲ್ಲ. ಚಪ್ಪಲಿ ಹಾಕಿಕೊಂಡು ಹೊರಗೆ ಹೋಗಿ ನಿಂತಳು. ಮರುದಿನ ಆ ಪುಟಗಳನ್ನು ತೆಗೆದೆವು.

## ತಲೆ ಕೆಡಿಸಿಕೊಂಡವರಿಗೆ

ಮೂರು ಸಲ ನೋಡಿದೆ. ಕ್ಲಾಸಿಗೆ ಹೋಗಿ ‘ಎಸ್ ಸರ್’ ಅಂದ ಮೇಲೂ ಹಾಜರಾತಿ ಯಾಕೆ ಸಿಗಲ್ಲ?

ಸಿಗದೇ ಇರಲು ಕಾರಣ ಅವನು ಹೋದದ್ದೇ. ನಿಧಾನವಾಗಿ ನೋಡೋಣ.

ಆ ಸೋಮವಾರ ಶಾರ್ಟೇಜ್ ಹಾಸ್ಟೆಲಿನಲ್ಲಿ ಮಲಗಿದ್ದ. ದಿನಾ ಮಾಡುವ ಹಾಗೆ ಬ್ಯಾಕ್‌ಲಾಗ್ ಅವನ ಬದಲು ಪ್ರಾಕ್ಸಿ ಕೊಟ್ಟ. ಅದೇ ಹೊತ್ತಿಗೆ ಹಿಂದಿನ ಬೆಂಚಿನಿಂದ ಇನ್ನೊಂದು ‘ಎಸ್ ಸರ್’ ಬಂತು. ಅದು 1956ರಲ್ಲಿ ಮೂರು ವಾರ ಕೂಲಿ ಮಾಡಿ, ಗಡ್ಡ ಬಿಟ್ಟು, ಬಿಸಿಲಿಗೆ ಕಪ್ಪಾಗಿ ವಾಪಸ್ ಬಂದ ಅಸಲಿ ಶಾರ್ಟೇಜ್. ಒಂದು ಹೆಸರಿಗೆ ಎರಡು ದನಿ. ಲೆಕ್ಚರರ್ ತಲೆ ಎತ್ತಿ ನೋಡಿದರು. ಗಡ್ಡದವನ ಗುರುತು ಹತ್ತಲಿಲ್ಲ. ಇಬ್ಬರನ್ನೂ ಹೊರಗೆ ಹಾಕಿ ಶಾರ್ಟೇಜ್ ಹೆಸರಿನ ಮುಂದೆ ಗೈರು ಅಂತ ಬರೆದರು. ಅವನು ಹೋಗದೇ ಇದ್ದಿದ್ದರೆ ಪ್ರಾಕ್ಸಿ ನಡೆದುಹೋಗುತ್ತಿತ್ತು. 45 ಕ್ಲಾಸು ಪೂರ್ತಿ ಆಗುತ್ತಿತ್ತು. ಹಿಂದೆ ಹೋಗುವ ಅಗತ್ಯವೇ ಬರುತ್ತಿರಲಿಲ್ಲ. ‘ನಾನು ಬಂದಿದ್ದಕ್ಕೇ ನಾನು ಗೈರು’ ಅಂತ ಅವನು ಅಳುವುದು ಅದಕ್ಕೆ.

ಇದು ನಮ್ಮ ಬುದ್ಧಿಯಲ್ಲ. ರಷ್ಯಾದ ಭೌತವಿಜ್ಞಾನಿ ಇಗೊರ್ ನೊವಿಕೊವ್ ಇಂಥ ಒಂದು ತತ್ವ ಹೇಳಿದ್ದಾರೆ. ಹಿಂದಕ್ಕೆ ಹೋಗಲು ಸಾಧ್ಯವಾದರೂ ನಡೆದದ್ದನ್ನು ಬದಲಾಯಿಸಲಾಗದು. ನೀವು ಅಲ್ಲಿ ಏನು ಮಾಡಿದರೂ ಅದು ಮೊದಲೇ ನಡೆದುಹೋದದ್ದರ ಭಾಗ. ವಿಜ್ಞಾನಿಗಳಿಗೆ ಇದು ಗಂಭೀರ ವಿಷಯ. ನಗೆನಾಟಕ ಬರೆಯುವವನಿಗೆ ನಿಧಿ. ಆಸೆ ಚಿಲ್ಲರೆಯದು, ನಿಯಮ ಕಬ್ಬಿಣದ್ದು. ನಗು ಹುಟ್ಟುವುದೇ ಆ ಸಂದಿಯಲ್ಲಿ. ಏನು ಬೇಕಾದರೂ ಬದಲಾಯಿಸಬಹುದು ಅಂತ ಬಿಟ್ಟಿದ್ದರೆ ಹುಡುಗ ಪಾಸಾಗುತ್ತಿದ್ದ, ನಾಟಕ ಫೇಲಾಗುತ್ತಿತ್ತು.

ಬ್ಯಾಕ್‌ಲಾಗ್‌ನ ರೆಕಾರ್ಡ್ ಬುಕ್ ಬರೆದವರು ಯಾರು?

ಯಾರೂ ಅಲ್ಲ. ಮುಂದಿನ ವಾರದ ಬ್ಯಾಕ್‌ಲಾಗ್ ಬಂದು ರೆಕಾರ್ಡ್ ತೋರಿಸುತ್ತಾನೆ. ಈ ವಾರದವನು ಕಾಪಿ ಹೊಡೆಯುತ್ತಾನೆ. ಆಮೇಲೆ ಆ ಕಾಪಿಯನ್ನೇ ಹಿಡಿದುಕೊಂಡು ಹಿಂದೆ ಹೋಗಿ ತನಗೇ ತೋರಿಸುತ್ತಾನೆ. ಉತ್ತರಕ್ಕೆ ಅಪ್ಪ ಅಮ್ಮ ಇಲ್ಲ. ‘ಲೋಲಕ’ ಅನ್ನುವುದಕ್ಕೆ ‘ಲೋಕಲ’ ಅಂತ ಬರೆದ ತಪ್ಪಿಗೂ ಇಲ್ಲ.

ಪುಸ್ತಕವನ್ನೇ ಯಾಕೆ ಕೊಟ್ಟುಬಿಡುವುದಿಲ್ಲ ಅಂತ ಒಬ್ಬ ವಿದ್ಯಾರ್ಥಿನಿ ಕೇಳಿದಳು. ಒಳ್ಳೆಯ ಪ್ರಶ್ನೆ. ಅದೇ ಪುಸ್ತಕ ಸುತ್ತುತ್ತಾ ಇದ್ದರೆ ಪ್ರತಿ ಸುತ್ತಿಗೂ ಒಂದು ವಾರ ಹಳೆಯದಾಗಬೇಕು, ಹಾಳೆ ಹರಿಯಬೇಕು. ಆದರೆ ಅದು ಹೊರಟಾಗ ಹೇಗಿತ್ತೋ ಹಾಗೇ ಬಂದು ಸೇರಬೇಕು. ಎರಡೂ ಒಟ್ಟಿಗೆ ಆಗದು. ಕಾಪಿ ಹೊಡೆದರೆ ಹಾಳೆ ಹೊಸದು, ಶಾಯಿ ಹೊಸದು, ಮಾತು ಮಾತ್ರ ಸುತ್ತುತ್ತದೆ. ಕಾಪಿ ಹೊಡೆಯುವುದಕ್ಕೆ ಭೌತಶಾಸ್ತ್ರದ ಬೆಂಬಲ ಸಿಗುವ ಜಾಗ ಇದೊಂದೇ ಇರಬೇಕು.

ನಿಜವಾಗಿ ಕಾಲದಲ್ಲಿ ಹೋಗೋಕೆ ಆಗತ್ತಾ, ಸುಮ್ನೆ ಬಿಡ್ತೀರಾ?

ಮುಂದಕ್ಕೆ ಹೋಗಬಹುದು. ಹೋಗುತ್ತಲೂ ಇದ್ದೇವೆ. ಐನ್‌ಸ್ಟೈನ್ 1905ರಲ್ಲಿ ಹೇಳಿದ್ದು ವೇಗ ಹೆಚ್ಚಾದರೆ ಗಡಿಯಾರ ನಿಧಾನವಾಗುತ್ತದೆ ಅಂತ. ಭೂಮಿಯ ಸೆಳೆತ ಕಮ್ಮಿ ಇರುವ ಎತ್ತರದಲ್ಲಿ ಗಡಿಯಾರ ಬೇಗ ಓಡುತ್ತದೆ ಅನ್ನುವುದೂ ಅವರ ವಿಚಾರದಿಂದಲೇ ಬಂತು. 1971ರಲ್ಲಿ ಪರಮಾಣು ಗಡಿಯಾರಗಳನ್ನು ವಿಮಾನದಲ್ಲಿಟ್ಟು ಭೂಮಿ ಸುತ್ತಿಸಿ ನೋಡಿದರು. ಪೂರ್ವಕ್ಕೆ ಹೋದದ್ದು ಹಿಂದೆ ಬಿತ್ತು, ಪಶ್ಚಿಮಕ್ಕೆ ಹೋದದ್ದು ಮುಂದೆ ಹೋಯಿತು.

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್ ಎತ್ತರ. ಲೆಕ್ಕ ಹಾಕಿದರೆ ಮಂಗಳೂರಿನ ಗಡಿಯಾರಕ್ಕಿಂತ ನಮ್ಮದು ವರ್ಷಕ್ಕೆ ಸುಮಾರು 4 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ, ಅಂದರೆ ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ ನಾಲ್ಕು. ಮಂಗಳೂರಿಗೆ ಓದಲು ಹೋದವರು ನಮಗಿಂತ ಎಳಬರಾಗಿ ಕಾಣುವುದಕ್ಕೆ ಇದು ಕಾರಣವಲ್ಲ. ಆದರೂ ಹೇಳಿಕೊಳ್ಳಬಹುದು.

ಹಿಂದಕ್ಕೆ ಹೋಗುವುದು ಬೇರೆ ಮಾತು. 1949ರಲ್ಲಿ ಗಣಿತಜ್ಞ ಕರ್ಟ್ ಗೋಡೆಲ್ ಐನ್‌ಸ್ಟೈನರ ಸಮೀಕರಣಗಳಿಂದಲೇ ಒಂದು ತಿರುಗುವ ವಿಶ್ವದ ಲೆಕ್ಕ ಮಾಡಿ ತೋರಿಸಿದರು. ಅಂಥ ವಿಶ್ವದಲ್ಲಿ ಹೊರಟವನು ತನ್ನ ನಿನ್ನೆಗೇ ಬಂದು ಸೇರಬಹುದು. ನಮ್ಮ ವಿಶ್ವ ಹಾಗೆ ತಿರುಗುತ್ತಿರುವುದಕ್ಕೆ ಗುರುತು ಸಿಕ್ಕಿಲ್ಲ. ಹಾಗಾಗಿ ಹಾಲ್ ಟಿಕೆಟ್ ಬೇಕಾದರೆ ಕ್ಲಾಸಿಗೆ ಹೋಗಿ.

ಟಾಪರ್ ‘ಮಡಿಕೇರಿ 27 ನಿಮಿಷ ಲೇಟು’ ಅಂತಾಳಲ್ಲ, ಎಲ್ಲಿಂದ ಬಂತು ಆ ಲೆಕ್ಕ?

ದೇಶದ ಗಡಿಯಾರವೆಲ್ಲ 82.5 ಡಿಗ್ರಿ ರೇಖಾಂಶದ್ದು, ಮಿರ್ಜಾಪುರದ ಬಳಿ ಹಾದುಹೋಗುತ್ತದೆ. ಮಡಿಕೇರಿ ಇರುವುದು ಸುಮಾರು 75.74ರಲ್ಲಿ. ಒಂದು ಡಿಗ್ರಿಗೆ 4 ನಿಮಿಷ. ಗುಣಿಸಿದರೆ 27 ನಿಮಿಷ. ಅಂದರೆ ಸೂರ್ಯನ ಲೆಕ್ಕದಲ್ಲಿ ನಾವು ಕೈಗಡಿಯಾರಕ್ಕಿಂತ ಅಷ್ಟು ಹಿಂದೆ. ಮೊದಲ ಪೀರಿಯಡ್ಡಿಗೆ ಲೇಟಾದವರು ಇದನ್ನು ಹೇಳಿ ನೋಡಬಹುದು. ನಾನು ಹೇಳಿ ನೋಡಿದ್ದೇನೆ.

ಭೂಮಿ ಓಡ್ತಾ ಇರತ್ತೆ. ಹಿಂದೆ ಹೋದವರು ಆಕಾಶದಲ್ಲಿ ಬೀಳಬೇಕಿತ್ತಲ್ಲ?

ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ಓಡುತ್ತದೆ. ಒಂದು ಗಂಟೆ ಹಿಂದಕ್ಕೆ ಹೋದರೆ ಮಡಿಕೇರಿ ಲಕ್ಷ ಕಿಲೋಮೀಟರಿಗೂ ಆಚೆ. ಅದಕ್ಕೇ ನಮ್ಮ ಪಲ್ಪರಿಗೆ ಎರಡನೇ ನಿಯಮ: ಆ ಕಾಲದಲ್ಲಿ ಪಲ್ಪರ್ ಎಲ್ಲಿತ್ತೋ ಅಲ್ಲಿಗೇ ಹೋಗಿ ಬೀಳುತ್ತೀರಿ. 1956ರಲ್ಲಿ ಅದು ಸುಂಟಿಕೊಪ್ಪದ ಬಳಿಯ ತೋಟದಲ್ಲಿತ್ತು. ಮಡಿಕೇರಿಗೆ ಬರಲು ಬಸ್ಸು ಬೇಕಾದದ್ದೂ, ಎರಡಾಣೆ ಸಾಲ ಮಾಡಿದ್ದೂ ಅದಕ್ಕೇ. ಪಲ್ಪರ್ ಮನೆಗೆ ರಾತ್ರಿ ಬೀಗ ಹಾಕುತ್ತಿದ್ದ ಕಾರಣ ಮೂರು ವಾರ ವಾಪಸ್ ಬರಲಾಗಲಿಲ್ಲ.

ಮುಂದೆ ಯಾವಾಗಾದ್ರೂ ಕಂಡುಹಿಡಿದ್ರೆ ಅವರು ಈಗ ಇಲ್ಲಿಗೆ ಬರಬೇಕಿತ್ತಲ್ವಾ?

ಇದನ್ನು ದೊಡ್ಡವರೂ ಕೇಳಿದ್ದಾರೆ. ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ 2009ರ ಜೂನ್ 28ರಂದು ಕಾಲಯಾತ್ರಿಗಳಿಗೆ ಔತಣ ಏರ್ಪಡಿಸಿದರು. ಆಮಂತ್ರಣ ಕೊಟ್ಟದ್ದು ಔತಣ ಮುಗಿದ ಮೇಲೆ. ಯಾರೂ ಬರಲಿಲ್ಲ. ಅದಕ್ಕೂ ಮೊದಲು, 2005ರ ಮೇ 7ರಂದು, ಅಮೆರಿಕದ ಎಂಐಟಿಯ ವಿದ್ಯಾರ್ಥಿಗಳು ಕಾಲಯಾತ್ರಿಗಳ ಸಮಾವೇಶವನ್ನೇ ನಡೆಸಿದ್ದರು. ಭವಿಷ್ಯದಿಂದ ಬಂದೆ ಅಂತ ಯಾರೂ ಗುರುತು ಕೊಡಲಿಲ್ಲ. ನೋಡಿ, ಎಲ್ಲ ದೇಶದ ಹಾಸ್ಟೆಲ್ ಹುಡುಗರೂ ಒಂದೇ ಜಾತಿ.

ಯಂತ್ರ ಹುಟ್ಟುವ ಮೊದಲಿಗೆ ಹೋಗಲಾಗದು ಅನ್ನುವ ನಿಯಮ ಇಲ್ಲೂ ಉತ್ತರ ಕೊಡುತ್ತದೆ. ವರ್ಮ್‌ಹೋಲ್ (ದೇಶ ಕಾಲದಲ್ಲಿ ಕೊರೆದ ಒಳದಾರಿ) ಬಗ್ಗೆ ಲೆಕ್ಕ ಹಾಕಿದವರೂ ಹೆಚ್ಚು ಕಮ್ಮಿ ಇದನ್ನೇ ಹೇಳುತ್ತಾರೆ. ಯಂತ್ರ ಇನ್ನೂ ಆಗಿಲ್ಲ, ಅದಕ್ಕೇ ಯಾರೂ ಬಂದಿಲ್ಲ. 1931ರಲ್ಲಿ ಪಲ್ಪರ್ ಬರೀ ಪಲ್ಪರ್ ಆಗಿತ್ತು, ಕಾಲಯಂತ್ರ ಆಗಿರಲಿಲ್ಲ ಅಂತ ತಕರಾರು ತೆಗೆಯುವವರಿಗೆ ಕೈ ಮುಗಿಯುತ್ತೇನೆ. ನೀವು ಹೇಳುವುದೇ ಸರಿ. ಅಷ್ಟು ಸಡಿಲ ಬಿಡದಿದ್ದರೆ ಎರಡನೇ ಅಂಕವೇ ಇಲ್ಲ.

ಇದೆಲ್ಲ ಫಾರಿನ್ ಕಲ್ಪನೆ ಅಲ್ವಾ? ನಮ್ಮಲ್ಲಿ ಎಲ್ಲಿತ್ತು?

ಭಾಗವತದಲ್ಲಿ ರೇವತಿಯ ಕಥೆ ಇದೆ. ಅವಳ ಅಪ್ಪ ಕಕುದ್ಮಿ ಮಗಳಿಗೆ ಗಂಡು ಕೇಳಲು ಅವಳನ್ನು ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಸಂಗೀತ ನಡೆಯುತ್ತಿರುತ್ತದೆ, ಸ್ವಲ್ಪ ಹೊತ್ತು ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿರುತ್ತದೆ. ನೋಡಿಟ್ಟ ಗಂಡುಗಳೆಲ್ಲ ಹೋಗಿಬಿಟ್ಟಿರುತ್ತಾರೆ. ಬ್ರಹ್ಮ ನಗುತ್ತಾನೆ. ಕೊನೆಗೆ ರೇವತಿ ಬಲರಾಮನನ್ನು ಮದುವೆಯಾಗುತ್ತಾಳೆ. ಕಾಲದ ಎಡವಟ್ಟು ಕೇಳಿ ನಕ್ಕವರಲ್ಲಿ ಬ್ರಹ್ಮನೇ ಮೊದಲಿಗ. ಮೇಲಿನ 27 ನಿಮಿಷಕ್ಕೂ ಈ 27ಕ್ಕೂ ಸಂಬಂಧ ಇಲ್ಲ, ದಯವಿಟ್ಟು ಕಾಗದ ಬರೆಯಬೇಡಿ.

## ಆಡಿಸುವವರಿಗೆ

ನಮ್ಮೂರಲ್ಲಿ ಕೊಡವ ತಕ್ಕಲ್ಲಿ ಆಡಬಹುದಾ? ಅರೆಭಾಷೆಯಲ್ಲಿ?

ಆಡಿ. ಆದರೆ ‘ಈಗ ಬಂದೆ’ ಜೋಕು ನಿಮ್ಮ ಭಾಷೆಯಲ್ಲಿ ನಿಲ್ಲುತ್ತದಾ ಅಂತ ಮೊದಲು ಮನೆಯ ಹಿರಿಯರ ಹತ್ತಿರ ಹೇಳಿ ನೋಡಿ. ನಿಲ್ಲದಿದ್ದರೆ ಪದಕ್ಕೆ ಪದ ಇಡಬೇಡಿ, ನಿಮ್ಮ ಭಾಷೆಯ ಬೇರೆ ಸುಳ್ಳು ಹುಡುಕಿ. ಪ್ರತಿ ಭಾಷೆಯಲ್ಲೂ ಲೇಟಾದವನಿಗೆ ಒಂದು ಸುಳ್ಳು ಇದ್ದೇ ಇರುತ್ತದೆ.

ಜುಲೈಯಲ್ಲಿ ಆಡೋಣ ಅಂತಿದ್ದೀವಿ. ಸಲಹೆ?

ಚಾವಣಿ ತಗಡಿನದಾ? ಹಾಗಾದರೆ ಮಾತು ಕೇಳಿಸುವುದಿಲ್ಲ. ನಾವು ಮೊದಲ ಸಲ ಆಡಿದಾಗ ಮಳೆ ಎಷ್ಟು ಹೊಡೆಯಿತು ಅಂದರೆ ಎರಡನೇ ಅಂಕ ಪೂರ್ತಿ ಕೈಸನ್ನೆಯಲ್ಲಿ ನಡೆಯಿತು. ಆಣೆ ಪೈ ಲೆಕ್ಕವನ್ನು ಸ್ಲೇಟಿನಲ್ಲಿ ಬರೆದು ತೋರಿಸಿದೆವು. ಆಮೇಲೆ ಆ ಸ್ಲೇಟು ನಾಟಕದಲ್ಲೇ ಉಳಿಯಿತು. ಕರೆಂಟಿನ ಭರವಸೆ ಇಟ್ಟುಕೊಳ್ಳಬೇಡಿ. ಮಂಜಿನ ಯಂತ್ರಕ್ಕೆ ಮಾತ್ರ ದುಡ್ಡು ಹಾಕಬೇಡಿ, ಬಾಗಿಲು ತೆರೆದಿಟ್ಟರೆ ಸಾಕು.

ಎರಡಾಣೆ ನಾಣ್ಯ ಎಲ್ಲಿ ಸಿಗತ್ತೆ?

ಚೌಕಾಕಾರದ, ಮೂಲೆ ಉರುಟಾದ ನಾಣ್ಯ. ಹಳೇ ನಾಣ್ಯ ಮಾರುವವರ ಹತ್ತಿರ ಸಿಗುತ್ತದೆ. ನಾವು ಬಹಳ ದಿನ ರಟ್ಟು ಕತ್ತರಿಸಿ ಬೆಳ್ಳಿ ಕಾಗದ ಅಂಟಿಸಿಕೊಂಡಿದ್ದೆವು. ಒಂದು ಪ್ರದರ್ಶನ ಮುಗಿದ ಮೇಲೆ ವಯಸ್ಸಾದವರೊಬ್ಬರು ನಿಧಾನವಾಗಿ ವೇದಿಕೆ ಹತ್ತಿರ ಬಂದರು. ಅಂಗಿ ಜೇಬಿನಿಂದ ನಾಣ್ಯ ತೆಗೆದು ಶಾರ್ಟೇಜ್ ಪಾತ್ರ ಮಾಡಿದ ಹುಡುಗನ ಕೈಗೆ ಇಟ್ಟು, ‘ಇದನ್ನ ನಿನ್ನಜ್ಜನಿಗೆ ಕೊಡು’ ಅಂದರು. ಹುಡುಗ ಇನ್ನೂ ಪಾತ್ರದಲ್ಲೇ ಇದ್ದ. ‘ಈಗ ಕೊಟ್ಟೆ’ ಅಂದ.

ನಾಣ್ಯ ಇನ್ನೂ ಅವನ ಹತ್ತಿರವೇ ಇದೆ.